ಮಾಲ್ಟಾ ಚಿಕ್ಕದು, ಹಾಗಂತ ಎರಡು ದಿನಕ್ಕೆ ಮುಗಿಯಲ್ಲ

ಹೋದ ಸಂಚಿಕೆಯಲ್ಲಿ ಇಟಲಿಯ ಕೆಳಗಿರುವ ಪುಟ್ಟ ದ್ವೀಪ ದೇಶ ಮಾಲ್ಟಾದ ಹೆಸರು ಎತ್ತಿದ್ದೇ ತಡ, ಪತ್ರಗಳು ಬರತೊಡಗಿದವು. ಕೆಲವರ ಮಗ ಅಲ್ಲಿ ಕೆಲಸಕ್ಕಿದ್ದಾನೆ, ಕೆಲವರ ಮಗಳು ಅಲ್ಲಿ ಓದುತ್ತಿದ್ದಾಳೆ, ಇನ್ನು ಕೆಲವರಿಗೆ ಇಟಲಿಯಿಂದ ಹಾಗೇ ಹಾಯ್ದು ಬರುವ ಆಸೆ. ಅಲ್ಲಿನ ರಾಜಧಾನಿ ವ್ಯಾಲೆಟ್ಟಾದ ಒಂದು ಕಚೇರಿಯಲ್ಲಿ ನಾನು ಕೆಲವು ವರ್ಷ ಲೆಕ್ಕಪತ್ರ ನೋಡಿಕೊಂಡಿದ್ದೆ. ರಜೆ ಸಿಕ್ಕಿದರೆ ಸಾಕು, ಬಸ್ ಹತ್ತಿ ಯಾವುದಾದರೂ ಕಲ್ಲು ನೋಡಲು ಹೋಗುತ್ತಿದ್ದೆ. ಆ ಧೈರ್ಯದ ಮೇಲೆ ಉತ್ತರ ಬರೆಯುತ್ತಿದ್ದೇನೆ. ಒಂದೇ ತರಹದ ಪ್ರಶ್ನೆಗಳನ್ನು ಒಟ್ಟು ಮಾಡಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಮೇಡಂ, ನಾವು ನಾಲ್ಕು ಜನ. ನಾನು, ಯಜಮಾನರು, ಹೈಸ್ಕೂಲಿನಲ್ಲಿರುವ ಮಗ, ಎಪ್ಪತ್ತು ದಾಟಿದ ಅತ್ತೆ. ಅತ್ತೆಗೆ ಮಂಡಿ ನೋವು. ಕೈಯಲ್ಲಿ ನಾಲ್ಕು ದಿನ ಇದೆ. ಇಡೀ ದ್ವೀಪ 27 ಕಿಲೋಮೀಟರ್ ಉದ್ದ ಅಂತ ಓದಿದೆವು. ಎರಡು ದಿನದಲ್ಲಿ ಎಲ್ಲಾ ತೋರಿಸ್ತೀವಿ ಅಂತ ಟೂರಿನವರು ಹೇಳ್ತಾರೆ. ಮಿಕ್ಕ ಎರಡು ದಿನ ಬೀಚಿನಲ್ಲಿ ಕಳೆಯೋಣ ಅಂತಿದ್ದೇವೆ. ಸರೀನಾ?

ಉತ್ತರ: ಉದ್ದದ ಲೆಕ್ಕ ಸರಿ ಇದೆ, ದಿನದ ಲೆಕ್ಕ ಸರಿ ಇಲ್ಲ. ಅಷ್ಟು ಸಣ್ಣ ಜಾಗದೊಳಗೆ ಐದೂವರೆ ಸಾವಿರ ವರ್ಷ ಒತ್ತೊತ್ತಾಗಿ ಕೂತಿದೆ. ಲೋಹವೇ ಗೊತ್ತಿಲ್ಲದ ಜನ ಕಟ್ಟಿದ ಗುಡಿಗಳು, ರೋಮನ್ನರ ಕಾಲದ ನೆಲದಡಿಯ ಸಮಾಧಿಗಳು, ನೈಟ್‌ಗಳ (ಅಂದರೆ ಕ್ರೈಸ್ತ ಧರ್ಮಯೋಧರ) ಕೋಟೆಗಳು, ಬ್ರಿಟಿಷರ ಫಿರಂಗಿಗಳು. ಎರಡು ದಿನದ ಟೂರ್ ವ್ಯಾನ್ ಒಂದೊಂದು ಕಡೆ ಇಪ್ಪತ್ತು ನಿಮಿಷ ನಿಲ್ಲಿಸುತ್ತದೆ. ನಡುವೆ ಗಾಜಿನ ಸಾಮಾನಿನ ಅಂಗಡಿಯಲ್ಲಿ ಮಾತ್ರ ಮುಕ್ಕಾಲು ಗಂಟೆ. ಮನೆಗೆ ಬಂದ ಮೇಲೆ ಫೋಟೋದಲ್ಲಿರುವ ಗೋಡೆ ಯಾವ ಊರಿನದು ಅಂತ ನಿಮ್ಮನಿಮ್ಮಲ್ಲೇ ಜಗಳ.

ನನ್ನ ಪದ್ಧತಿ ಬೇರೆ. ನಕ್ಷೆ ನೋಡಿ ದಿನ ಹಂಚಬೇಡಿ. ಕಾಲ ನೋಡಿ ಹಂಚಿ. ಒಂದು ದಿನಕ್ಕೆ ಒಂದು ಕಾಲ. ಬೆಳಿಗ್ಗೆ ಕಲ್ಲಿನ ಯುಗ, ಮಧ್ಯಾಹ್ನ ನೈಟ್‌ಗಳು, ಸಂಜೆ ಎರಡನೇ ಮಹಾಯುದ್ಧ ಅಂತ ಓಡಿದರೆ ತಲೆಯಲ್ಲಿ ಏನೂ ಉಳಿಯಲ್ಲ.

ಮೊದಲ ದಿನ ಅತ್ಯಂತ ಹಳೆಯದರಿಂದ ಶುರು ಮಾಡಿ. ಬೆಳಿಗ್ಗೆ ವ್ಯಾಲೆಟ್ಟಾದ ರಿಪಬ್ಲಿಕ್ ಸ್ಟ್ರೀಟಿನಲ್ಲಿರುವ ರಾಷ್ಟ್ರೀಯ ಪುರಾತತ್ವ ಮ್ಯೂಸಿಯಂ. ಬಹಳ ಜನ ಇದನ್ನು ಕೊನೆಗೆ ಇಟ್ಟುಕೊಂಡು ಆಮೇಲೆ ಬಿಟ್ಟೇ ಬಿಡುತ್ತಾರೆ. ಆದರೆ ಗುಡಿಗಳಲ್ಲಿ ಸಿಕ್ಕ ಮೂರ್ತಿಗಳು, ಕೆತ್ತನೆಯ ಕಲ್ಲುಗಳು ಈಗ ಇರುವುದು ಇಲ್ಲಿ. ತರ್ಶೀನ್ ಎಂಬಲ್ಲಿನ ಗುಡಿಯಲ್ಲಿ ನೀವು ನೋಡುವ ಸುರುಳಿ ಕೆತ್ತನೆಯ ಕಲ್ಲುಗಳು ನಕಲು. ಅಸಲಿ ಈ ಮ್ಯೂಸಿಯಂನಲ್ಲಿದೆ. 'ಮಲಗಿದ ಹೆಂಗಸು' ಅನ್ನುವ ಪುಟ್ಟ ಮಣ್ಣಿನ ಮೂರ್ತಿಯನ್ನು ತಪ್ಪಿಸಬೇಡಿ. ಉದ್ದ ಸುಮಾರು 12 ಸೆಂಟಿಮೀಟರ್ ಅಷ್ಟೇ, ಅಂಗೈಯಲ್ಲಿ ಹಿಡಿಯುತ್ತದೆ. ಒಂದು ಕೈ ತಲೆಯಡಿ ಇಟ್ಟುಕೊಂಡು ಪಕ್ಕಕ್ಕೆ ಹೊರಳಿ ಮಲಗಿದ್ದಾಳೆ. ನಿದ್ದೆಯೋ ಸಾವೋ ಅಂತ ಪಂಡಿತರು ಇನ್ನೂ ವಾದ ಮಾಡುತ್ತಾರೆ. ನನಗಂತೂ ಮಧ್ಯಾಹ್ನದ ಊಟ ಮುಗಿಸಿ ಮಲಗಿದವಳ ಹಾಗೇ ಕಾಣುತ್ತಾಳೆ.

ಮೂರು ಗಂಟೆ ಹೊತ್ತಿಗೆ ಬಸ್ಸಿನಲ್ಲಿ ದಕ್ಷಿಣದ ಹಜಾರ್ ಈಮ್ ಗುಡಿಗೆ ಹೋಗಿ. ಬಿಸಿಲು ಇಳಿಯುತ್ತಿರುತ್ತದೆ, ಬೆಳಿಗ್ಗೆ ಬರುವ ಟೂರ್ ಬಸ್ಸುಗಳು ಹೋಗಿರುತ್ತವೆ. ಬಾಗಿಲು ಹಾಕುವ ಹೊತ್ತು ಋತುವಿನ ಪ್ರಕಾರ ಬದಲಾಗುತ್ತದೆ, ಹಿಂದಿನ ದಿನವೇ ನೋಡಿಕೊಳ್ಳಿ. ಅಲ್ಲಿಂದ ಸಮುದ್ರದ ಕಡೆಗೆ ಅರ್ಧ ಕಿಲೋಮೀಟರ್ ಇಳಿದರೆ ಇಮ್ನಾಯ್ದ್ರಾ ಎಂಬ ಇನ್ನೊಂದು ಗುಡಿ ಸಮೂಹ. ಇಳಿಯುವಾಗ ಸುಖ, ಹತ್ತುವಾಗ ಅತ್ತೆಯವರ ಮಂಡಿ ಕೇಳಲ್ಲ. ಅವರು ಮೇಲೆಯೇ ಹಜಾರ್ ಈಮ್ ನೋಡಿಕೊಂಡು ಪ್ರವೇಶದ ಕಟ್ಟಡದಲ್ಲಿ ಕೂತಿರಲಿ. ನೀವು ಮಗನ ಜೊತೆ ಇಳಿದು ಬನ್ನಿ.

ಎರಡನೇ ದಿನ ನೈಟ್‌ಗಳದು. ವ್ಯಾಲೆಟ್ಟಾ, ಎದುರಿನ ದಂಡೆಯ ಬಿರ್ಗು. ಅತ್ತೆಯವರಿಗೆ ಒಂದು ಸೂಚನೆ: ರಿಪಬ್ಲಿಕ್ ಸ್ಟ್ರೀಟ್ ಗುಡ್ಡದ ನೆತ್ತಿಯ ಮೇಲಿದೆ, ನಡೆಯುವುದು ಸಲೀಸು. ಅಡ್ಡ ಬೀದಿಗಳಿಗೆ ತಿರುಗಿದರೆ ಮಾತ್ರ ಮೆಟ್ಟಿಲೋ ಮೆಟ್ಟಿಲು. ಬಂದರಿಗೆ ಇಳಿಯಲು ಅಪ್ಪರ್ ಬರಾಕ್ಕಾ ಉದ್ಯಾನದ ಪಕ್ಕದಲ್ಲಿ ಲಿಫ್ಟ್ ಇದೆ, 58 ಮೀಟರ್ ಎತ್ತರದ್ದು. ಕೆಳಗೆ ಹೋಗಿ ದೋಣಿ ಹತ್ತಿದರೆ ಕೆಲವೇ ನಿಮಿಷದಲ್ಲಿ ಆಚೆ ದಂಡೆ. ಆ ಉದ್ಯಾನದ ಕೆಳಗಿನ ಜಗಲಿಯಲ್ಲಿ ದಿನಾ ಮಧ್ಯಾಹ್ನ 12ಕ್ಕೆ ಮತ್ತು 4ಕ್ಕೆ ತೋಪು ಹಾರಿಸುತ್ತಾರೆ. ನಮ್ಮ ಕಚೇರಿಯಲ್ಲಿ ಅದೇ ಊಟದ ಗಂಟೆ. ಹೊಸದಾಗಿ ಸೇರಿದವರು ಬೆಚ್ಚಿ ಕುರ್ಚಿಯಿಂದ ಏಳುವುದು ನಮಗೆಲ್ಲ ತಮಾಷೆ.

ಬಿರ್ಗುಗೆ ಹೋಗುವ ಮೊದಲು ಮಗನಿಗೆ 1565ರ ಕಥೆ ಹೇಳಿ. ರೋಡ್ಸ್ ದ್ವೀಪ ಕಳೆದುಕೊಂಡು ಅಲೆಯುತ್ತಿದ್ದ ಸೇಂಟ್ ಜಾನ್ ನೈಟ್‌ಗಳಿಗೆ 1530ರಲ್ಲಿ ಚಕ್ರವರ್ತಿ ಐದನೇ ಚಾರ್ಲ್ಸ್ ಮಾಲ್ಟಾ ಕೊಟ್ಟ. ಬಾಡಿಗೆ ಏನು ಗೊತ್ತಾ? ವರ್ಷಕ್ಕೊಂದು ಡೇಗೆ ಹಕ್ಕಿ. ಆಮೇಲೆ 1565ರ ಬೇಸಿಗೆಯಲ್ಲಿ ತುರ್ಕಿಯ ಆಟೊಮನ್ ಸುಲ್ತಾನನ ದೊಡ್ಡ ದಂಡು ಬಂದು ಇಳಿಯಿತು. ಬಂದರಿನ ಬಾಯಲ್ಲಿದ್ದ ಸೇಂಟ್ ಎಲ್ಮೋ ಕೋಟೆ ಕೆಲವೇ ದಿನದಲ್ಲಿ ಬೀಳುತ್ತದೆ ಅಂತ ಅವರ ಅಂದಾಜು. ಅದು ಸುಮಾರು ಒಂದು ತಿಂಗಳು ತಡೆದುಕೊಂಡು ಜೂನ್ 23ಕ್ಕೆ ಬಿತ್ತು. ಆ ಒಂದು ತಿಂಗಳೇ ಎದುರು ದಂಡೆಯ ಬಿರ್ಗುವನ್ನು ಉಳಿಸಿತು. ಸೆಪ್ಟೆಂಬರಿನಲ್ಲಿ ದಂಡು ವಾಪಸ್ ಹೋಯಿತು. ಮುಂದಿನ ವರ್ಷವೇ, 1566ರಲ್ಲಿ, ನೈಟ್‌ಗಳ ಯಜಮಾನ ಜೀನ್ ದ ವ್ಯಾಲೆಟ್ ಬೋಳು ಗುಡ್ಡದ ಮೇಲೆ ಹೊಸ ಊರಿಗೆ ಕಲ್ಲು ಹಾಕಿಸಿದ. ಅದೇ ವ್ಯಾಲೆಟ್ಟಾ. ಬಿರ್ಗುವಿನ ಸೇಂಟ್ ಆಂಜೆಲೋ ಕೋಟೆ ಹತ್ತಿ ಈ ಕಡೆ ನೋಡಿದರೆ ಇಡೀ ಯುದ್ಧದ ನಕ್ಷೆ ಕಣ್ಣ ಮುಂದೆ. ಅದಕ್ಕೇ ಎರಡೂ ದಂಡೆಯನ್ನು ಒಂದೇ ದಿನ ನೋಡಬೇಕು ಅನ್ನೋದು.

ಮೂರನೇ ದಿನ ಇಮ್ದೀನಾ ಮತ್ತು ರಬಾತ್. ನಾಲ್ಕನೇ ದಿನ ಗೋಜೋ ದ್ವೀಪ. ಇವೆರಡರ ಬಗ್ಗೆ ಬೇರೆಯವರೂ ಕೇಳಿದ್ದಾರೆ, ಮುಂದೆ ಓದಿ. ಬೀಚು ಎಲ್ಲೂ ಹೋಗಲ್ಲ. ಸಂಜೆ ಆರಕ್ಕೆ ಹೋದರೂ ಸಮುದ್ರ ಅಲ್ಲೇ ಇರುತ್ತದೆ.

ಪ್ರಶ್ನೆ: ನೆಲದಡಿಯ ಹೈಪೋಜಿಯಂ ನೋಡಲೇಬೇಕು ಅಂತ ಎಲ್ಲರೂ ಹೇಳುತ್ತಾರೆ. ನಾವು ಮುಂದಿನ ವಾರ ಹೊರಡುತ್ತೇವೆ. ಆನ್‌ಲೈನಿನಲ್ಲಿ ಒಂದು ಟಿಕೆಟ್ಟೂ ಇಲ್ಲ. ಬಾಗಿಲಲ್ಲಿ ಹೋಗಿ ಕೇಳಿದರೆ ಬಿಡುತ್ತಾರಾ?

ಉತ್ತರ: ಬಿಡುವುದಿಲ್ಲ. ಎಷ್ಟು ಅಂಗಲಾಚಿದರೂ ಬಿಡುವುದಿಲ್ಲ, ಬಿಡಬಾರದು ಕೂಡ.

ಹಾಲ್ ಸಫ್ಲೀನಿ ಹೈಪೋಜಿಯಂ ಅಂದರೆ ಪಾವ್ಲಾ ಊರಿನ ಸಾಮಾನ್ಯ ಬೀದಿಯೊಂದರ ಕೆಳಗೆ ಬಂಡೆ ಕೊರೆದು ಮಾಡಿದ ಮೂರು ಅಂತಸ್ತಿನ ಸಮಾಧಿ. ಮೇಲೆ ಮನೆಗಳ ಸಾಲು. 1902ರಲ್ಲಿ ಹೊಸ ಮನೆಗಳಿಗೆ ನೀರಿನ ತೊಟ್ಟಿ ತೋಡುತ್ತಿದ್ದ ಕೆಲಸಗಾರರಿಗೆ ಇದು ಸಿಕ್ಕಿತು. ಸುಮಾರು 7,000 ಜನರ ಎಲುಬು ಇಲ್ಲಿ ಸೇರಿದ್ದಿರಬೇಕು ಅನ್ನುವುದು ಅಂದಾಜು. ಬಂಡೆಯ ಒಳಗೇ ಕಂಬ, ತೊಲೆ, ಬಾಗಿಲುವಾಡ, ಸೂರು ಎಲ್ಲವನ್ನೂ ನೆಲದ ಮೇಲೆ ಕಟ್ಟಿದ ಗುಡಿಗಳ ಹಾಗೇ ಕೆತ್ತಿದ್ದಾರೆ. ಮೇಲಿನ ಗುಡಿಗಳ ಮಾಡು ಬಿದ್ದುಹೋಗಿದೆ. ಅದು ಹೇಗಿತ್ತು ಅಂತ ಊಹಿಸಲು ಈ ಪಾತಾಳಕ್ಕೇ ಇಳಿಯಬೇಕು. ಸೂರಿನ ಮೇಲೆ ಕೆಮ್ಮಣ್ಣಿನಲ್ಲಿ ಬರೆದ ಸುರುಳಿಗಳು ಇನ್ನೂ ಇವೆ.

ಆ ಕೆಂಪು ಬಣ್ಣಕ್ಕೆ ನಮ್ಮ ಉಸಿರೇ ಶತ್ರು. ಜನ ಹೆಚ್ಚಾದರೆ ಒಳಗಿನ ತೇವ, ಶಾಖ ಏರುಪೇರಾಗುತ್ತದೆ. ಅದಕ್ಕೇ ಒಂದು ಸಲಕ್ಕೆ 10 ಜನ ಮಾತ್ರ, ದಿನಕ್ಕೆ ಕೆಲವೇ ಸುತ್ತು. ಫೋಟೋ ಇಲ್ಲ, ಚೀಲ ಹೊರಗೆ. ಆರು ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಪ್ರವೇಶ ಇಲ್ಲ. ಬೇಸಿಗೆಯ ಟಿಕೆಟ್ ವಾರಗಟ್ಟಲೆ ಮೊದಲೇ ಮುಗಿದಿರುತ್ತದೆ.

ಒಂದು ದಾರಿ ಉಂಟು. ಮರುದಿನದ ಕೆಲವೇ ಟಿಕೆಟ್ಟುಗಳನ್ನು ಹಿಂದಿನ ದಿನ ಬೆಳಿಗ್ಗೆ ಸೇಂಟ್ ಎಲ್ಮೋ ಕೋಟೆಯ ಕೌಂಟರಿನಲ್ಲಿ ಮಾರುವ ಕ್ರಮ ಇದೆ. ಬೆಲೆ ಜಾಸ್ತಿ. ಬಾಗಿಲು ತೆಗೆಯುವ ಮೊದಲೇ ಕ್ಯೂ ಇರುತ್ತದೆ. ಸಿಕ್ಕಿದರೆ ಅದೃಷ್ಟ. ಸಿಗದಿದ್ದರೆ ಅಲ್ಲೇ ಕೋಟೆಯೊಳಗಿನ ಯುದ್ಧ ಮ್ಯೂಸಿಯಂ ನೋಡಿಕೊಂಡು ಬನ್ನಿ. ಆಮೇಲೆ ಪಾವ್ಲಾಗೆ ಹೋಗಿ, ಹೈಪೋಜಿಯಂನಿಂದ ನಡೆದು ಹೋಗುವಷ್ಟು ಹತ್ತಿರದ ತರ್ಶೀನ್ ಗುಡಿ ನೋಡಿ. ಅಲ್ಲಿ ಕ್ಯೂ ಇರುವುದಿಲ್ಲ. ಹೊಲ ಉಳುವಾಗ ನೇಗಿಲಿಗೆ ಪದೇ ಪದೇ ದೊಡ್ಡ ಕಲ್ಲು ತಗಲುತ್ತದೆ ಅಂತ ರೈತರು ಹೇಳಿದ್ದನ್ನು ಕೇಳಿ ಮ್ಯೂಸಿಯಂನ ಥೆಮಿಸ್ಟೊಕ್ಲಿಸ್ ಝಮ್ಮಿತ್ 1915ರಿಂದ 1919ರವರೆಗೆ ಅಗೆಸಿದ ಜಾಗ ಅದು. ಅಲ್ಲಿ ಸಿಕ್ಕ ದೊಡ್ಡ ಮೂರ್ತಿಯ ಸೊಂಟದ ಕೆಳಗಿನ ಭಾಗ ಮಾತ್ರ ಉಳಿದಿದೆ. ನೆರಿಗೆಯ ಲಂಗ, ದಪ್ಪ ಮೀನಖಂಡ, ಪುಟ್ಟ ಪಾದ. ಮೇಲಿನ ಅರ್ಧ ಇಲ್ಲದೆಯೂ ಎಷ್ಟು ಗತ್ತಿನಲ್ಲಿ ನಿಂತಿದ್ದಾಳೆ ನೋಡಿ.

ಪ್ರಶ್ನೆ: ಪಿರಮಿಡ್‌ಗಿಂತ ಹಳೆಯದು ಅಂತ ಮಾಲ್ಟಾದವರು ಹೇಳಿಕೊಳ್ಳುವುದು ನಿಜವೋ, ಪ್ರವಾಸಿಗಳಿಗೆ ಹೇಳುವ ಬೊಗಳೆಯೋ? — ಇತಿಹಾಸದ ಮೇಷ್ಟ್ರೊಬ್ಬರು

ಉತ್ತರ: ನಿಜ ಸರ್. ಗೀಜಾದ ದೊಡ್ಡ ಪಿರಮಿಡ್ ಕ್ರಿಸ್ತಪೂರ್ವ 2560ರ ಆಸುಪಾಸಿನದು. ಗೋಜೋದ ಜಗಾಂತಿಯಾ ಗುಡಿ ಕ್ರಿಸ್ತಪೂರ್ವ 3600ರ ಹೊತ್ತಿಗೆ ಶುರುವಾದದ್ದು. ಅಂದರೆ ಸುಮಾರು ಸಾವಿರ ವರ್ಷ ಹಿರಿಯದು. ಕಬ್ಬಿಣ ಬಿಡಿ, ತಾಮ್ರವೂ ಅವರ ಕೈಯಲ್ಲಿರಲಿಲ್ಲ. ಕಲ್ಲಿನಿಂದಲೇ ಕಲ್ಲು ಕಡಿದರು. ಗುಡಿಗಳ ಹತ್ತಿರ ದುಂಡನೆಯ ಕಲ್ಲಿನ ಚೆಂಡುಗಳು ಸಿಕ್ಕಿವೆ. ದೊಡ್ಡ ಬಂಡೆಗಳನ್ನು ಅವುಗಳ ಮೇಲೆ ಉರುಳಿಸಿ ತಂದಿರಬೇಕು ಅಂತ ಊಹೆ. ಬರವಣಿಗೆ ಇರಲಿಲ್ಲ, ಹಾಗಾಗಿ ಯಾವ ದೇವರು, ಯಾವ ಪೂಜೆ ಅಂತ ಯಾರೂ ಖಚಿತವಾಗಿ ಹೇಳಲಾರರು. ಕ್ರಿಸ್ತಪೂರ್ವ 2500ರ ಸುಮಾರಿಗೆ ಈ ಜನರ ಸುಳಿವೇ ನಿಲ್ಲುತ್ತದೆ. ಬರಗಾಲ, ಮಣ್ಣು ಸವೆದದ್ದು, ರೋಗ ಎಂದು ಬೇರೆ ಬೇರೆ ವಾದಗಳಿವೆ.

ನೀವು ಮೇಷ್ಟ್ರು, ಕಲ್ಲನ್ನು ಸ್ವಲ್ಪ ಹತ್ತಿರದಿಂದ ನೋಡಿ. ಮಾಲ್ಟಾದಲ್ಲಿ ಮುಖ್ಯವಾಗಿ ಎರಡು ಜಾತಿಯ ಸುಣ್ಣಕಲ್ಲು. ಒಂದು ಮೆತ್ತನೆಯ ಜೇನು ಬಣ್ಣದ್ದು, ಇನ್ನೊಂದು ಗಟ್ಟಿ ಬೂದು ಬಣ್ಣದ್ದು. ಹಜಾರ್ ಈಮ್ ಪೂರ್ತಿ ಮೆತ್ತನೆ ಕಲ್ಲಿನದು. ಕೆತ್ತನೆಗೆ ಸುಲಭ, ಆದರೆ ಸಮುದ್ರದ ಗಾಳಿಗೆ ತೂತು ತೂತಾಗಿ ಪದರ ಪದರ ಉದುರುತ್ತದೆ. ಅದಕ್ಕೇ 2009ರಲ್ಲಿ ಹಜಾರ್ ಈಮ್, ಇಮ್ನಾಯ್ದ್ರಾ ಎರಡೂ ಗುಡಿಗಳ ಮೇಲೆ ದೊಡ್ಡ ಬಿಳಿ ಡೇರೆ ಎತ್ತಿದರು. ಫೋಟೋ ಕೆಡುತ್ತದೆ ಅಂತ ಗೊಣಗುವವರಿದ್ದಾರೆ. ನನಗೆ ಡೇರೆ ಇಷ್ಟ. ನೆರಳು ಸಿಗುತ್ತದೆ, ಕಲ್ಲೂ ಉಳಿಯುತ್ತದೆ. ಇಮ್ನಾಯ್ದ್ರಾದ ಹೊರಗೋಡೆ ಗಟ್ಟಿ ಕಲ್ಲಿನದು. ಅದರ ದಕ್ಷಿಣದ ಗುಡಿಯ ಬಾಗಿಲು ಹಗಲು ರಾತ್ರಿ ಸಮವಾಗುವ ದಿನದ ಸೂರ್ಯೋದಯಕ್ಕೆ ನೇರ. ಅವತ್ತು ಬೆಳಕು ನಡುವಿನ ಹಾದಿಯಲ್ಲಿ ನೆಟ್ಟಗೆ ಒಳಗೆ ಬರುತ್ತದೆ. ಮಾರ್ಚ್ ಅಥವಾ ಸೆಪ್ಟೆಂಬರ್ ಕೊನೆಯಲ್ಲಿ ಹೋಗುವುದಾದರೆ ಮುಂಜಾನೆಯ ವಿಶೇಷ ಪ್ರವೇಶ ಇದೆಯಾ ವಿಚಾರಿಸಿ, ಟಿಕೆಟ್ ಬೇಗ ಮುಗಿಯುತ್ತದೆ. 2001ರಲ್ಲಿ ಕಿಡಿಗೇಡಿಗಳು ರಾತ್ರಿ ನುಗ್ಗಿ ಇಲ್ಲಿನ ಹತ್ತಾರು ಕಲ್ಲುಗಳನ್ನು ಕೆಡವಿ ಒಡೆದಿದ್ದರು. ಈಗ ಇರುವುದು ಅದನ್ನೆಲ್ಲ ಮತ್ತೆ ಜೋಡಿಸಿ ನಿಲ್ಲಿಸಿದ್ದು.

ಅಲ್ಲಿಂದ ಸಮುದ್ರದಲ್ಲಿ ಫಿಲ್ಫ್ಲಾ ಅನ್ನುವ ಬಂಡೆಯಂಥ ದ್ವೀಪ ಕಾಣುತ್ತದೆ. ಬ್ರಿಟಿಷ್ ನೌಕಾಪಡೆ ಅದನ್ನು ಗುರಿ ಅಭ್ಯಾಸಕ್ಕೆ ಬಳಸಿ ಬಳಸಿ ಚೂರು ಚೂರು ಮಾಡಿದೆ. ಈಗ ಅದು ಹಕ್ಕಿಗಳಿಗೆ ಮೀಸಲು.

ಪ್ರಶ್ನೆ: ವ್ಯಾಲೆಟ್ಟಾದ ಸೇಂಟ್ ಜಾನ್ ಚರ್ಚಿಗೆ 15 ಯೂರೋ ಟಿಕೆಟ್ಟಂತೆ. ನಾಲ್ಕು ಜನಕ್ಕೆ ಲೆಕ್ಕ ಹಾಕಿ. ಚರ್ಚಿಗೂ ದುಡ್ಡಾ? ಒಂದು ಪೇಂಟಿಂಗ್ ನೋಡಲು ಇಷ್ಟು ಕೊಡಬೇಕಾ? ಹೋದ ಸಲ ನೀವು ಹೊಗಳಿ ಬರೆದಿರಿ, ನಮ್ಮನೆಯವರು ಬೈಯುತ್ತಿದ್ದಾರೆ.

ಉತ್ತರ: ಬೈಯಲಿ, ಆದರೆ ಕರೆದುಕೊಂಡು ಹೋಗಿ. ಬೇಕಾದರೆ ಬೇರೆ ಎರಡು ಟಿಕೆಟ್ ಬಿಡಿ.

ಹೊರಗಿನಿಂದ ನೋಡಿದರೆ ಕೋಟೆಯ ಉಗ್ರಾಣದ ಹಾಗಿದೆ, ಒಪ್ಪುತ್ತೇನೆ. ಒಳಗೆ ಗೋಡೆಯ ಒಂದು ಗೇಣೂ ಖಾಲಿ ಇಲ್ಲ, ಪೂರ್ತಿ ಚಿನ್ನದ ಬಣ್ಣದ ಕೆತ್ತನೆ. ಕಾಲಡಿಯಲ್ಲಿ ಸುಮಾರು 400 ನೈಟ್‌ಗಳ ಸಮಾಧಿ ಚಪ್ಪಡಿಗಳು. ಬಣ್ಣಬಣ್ಣದ ಅಮೃತಶಿಲೆಯಲ್ಲಿ ಅಸ್ಥಿಪಂಜರ, ಮರಳುಗಡಿಯಾರ, ಕುಡುಗೋಲು. ಚೂಪು ಹಿಮ್ಮಡಿಯ ಚಪ್ಪಲಿ ಹಾಕಿಕೊಂಡು ಹೋದರೆ ಒಳಗೆ ಬಿಡುವುದಿಲ್ಲ, ಕಲ್ಲಿಗೆ ಗಾಯವಾಗುತ್ತದೆ ಅಂತ. ಭುಜ ಮುಚ್ಚುವ ಬಟ್ಟೆ ಇರಲಿ.

ಇನ್ನು ಆ ಪೇಂಟಿಂಗ್. ಪಕ್ಕದ ಪ್ರಾರ್ಥನಾ ಕೋಣೆಯಲ್ಲಿ ಇಡೀ ಗೋಡೆ ತುಂಬುವ ಹಾಗೆ ನೇತುಹಾಕಿದ್ದಾರೆ. ಅಗಲ ಐದು ಮೀಟರ್ ಮೀರಿದೆ. ಇಟಲಿಯ ಚಿತ್ರಕಾರ ಕಾರವಾಜೋ 1608ರಲ್ಲಿ ಬರೆದದ್ದು, ಸಂತ ಜಾನ್‌ನ ತಲೆ ಕಡಿಯುವ ದೃಶ್ಯ. ಕತ್ತಿಯ ಏಟು ಬಿದ್ದಾಗಿದೆ, ಕೆಲಸ ಪೂರ್ತಿಯಾಗಿಲ್ಲ. ಕಟುಕ ಬೆನ್ನ ಹಿಂದಿನಿಂದ ಚಾಕು ತೆಗೆಯುತ್ತಿದ್ದಾನೆ. ಒಬ್ಬ ಮುದುಕಿ ತಲೆ ಮೇಲೆ ಕೈ ಹೊತ್ತಿದ್ದಾಳೆ. ಹುಡುಗಿಯೊಬ್ಬಳು ತಟ್ಟೆ ಹಿಡಿದು ಬಗ್ಗಿದ್ದಾಳೆ. ಕಿಟಕಿಯ ಕಂಬಿಯ ಹಿಂದಿನಿಂದ ಇಬ್ಬರು ಕೈದಿಗಳು ಇಣುಕುತ್ತಿದ್ದಾರೆ. ಚಿತ್ರದ ಅರ್ಧಕ್ಕರ್ಧ ಬರೀ ಗೋಡೆ, ಬರೀ ಕತ್ತಲೆ. ನೆಲದ ಮೇಲೆ ಹರಿದ ರಕ್ತದಲ್ಲೇ ಕಾರವಾಜೋ ತನ್ನ ಹೆಸರು ಬರೆದಿದ್ದಾನೆ. ಅವನು ಸಹಿ ಹಾಕಿದ ಚಿತ್ರ ಇದೊಂದೇ.

ಅವನ ಕಥೆ ಗೊತ್ತಿದ್ದರೆ ಇನ್ನೂ ಚೆನ್ನ. 1606ರಲ್ಲಿ ರೋಮಿನಲ್ಲಿ ಒಬ್ಬನನ್ನು ಕೊಂದು ತಲೆಮರೆಸಿಕೊಂಡವನು. ಮಾಲ್ಟಾಗೆ ಬಂದು ನೈಟ್ ಪದವಿ ಗಿಟ್ಟಿಸಿದ. ಕೆಲವೇ ತಿಂಗಳಲ್ಲಿ ಮತ್ತೆ ಹೊಡೆದಾಟ, ಸೇಂಟ್ ಆಂಜೆಲೋ ಕೋಟೆಯಲ್ಲಿ ಸೆರೆ. ಅಲ್ಲಿಂದ ತಪ್ಪಿಸಿಕೊಂಡು ಸಿಸಿಲಿಗೆ ಪರಾರಿ. 1608ರ ಡಿಸೆಂಬರ್ 1ರಂದು ನೈಟ್‌ಗಳು ಸಭೆ ಸೇರಿ ಅವನನ್ನು ಪಂಗಡದಿಂದ ಹೊರಹಾಕಿದರು. ಸಭೆ ನಡೆದದ್ದು ಇದೇ ಕೋಣೆಯಲ್ಲಿ, ಇದೇ ಚಿತ್ರದ ಎದುರು. ಚಿತ್ರವನ್ನು ಮಾತ್ರ ಇಳಿಸಲಿಲ್ಲ ನೋಡಿ.

ಭಾನುವಾರ ಪ್ರವಾಸಿಗಳಿಗೆ ಪ್ರವೇಶ ಇಲ್ಲ, ಲೆಕ್ಕದಲ್ಲಿಟ್ಟುಕೊಳ್ಳಿ. ಸರ್ಕಾರಿ ಮ್ಯೂಸಿಯಂ, ಗುಡಿ, ಕೋಟೆಗಳಿಗೆಲ್ಲ ಸೇರಿ 30 ದಿನದ ಒಂದು ಪಾಸ್ ಸಿಗುತ್ತದೆ. ಐದಾರು ಜಾಗ ನೋಡುವವರಿಗೆ ಲಾಭ. ಆದರೆ ಈ ಚರ್ಚು, ಹೈಪೋಜಿಯಂ ಎರಡೂ ಆ ಪಾಸಿನಲ್ಲಿ ಸೇರುವುದಿಲ್ಲ.

ಪ್ರಶ್ನೆ: ಇಮ್ದೀನಾಕ್ಕೆ ಒಂದು ಗಂಟೆ ಸಾಕಂತೆ, ಹೌದಾ?

ಉತ್ತರ: ಇಮ್ದೀನಾಕ್ಕೆ ಒಂದೂವರೆ ಗಂಟೆ ಸಾಕು. ಅದರ ಕೋಟೆಗೋಡೆಯ ಹೊರಗಿನ ರಬಾತ್‌ಗೆ ಅರ್ಧ ದಿನ ಇಡಿ. ಇಮ್ದೀನಾ ನೈಟ್‌ಗಳು ಬರುವ ಮೊದಲಿನ ರಾಜಧಾನಿ. ಕಿರಿದಾದ ಬೀದಿಗಳು, ನೆಲ ಹೆಚ್ಚುಕಡಿಮೆ ಸಮತಟ್ಟು, ವಾಹನ ತೀರಾ ಕಡಿಮೆ. ಮಂಡಿ ನೋವಿನವರಿಗೂ ಅನುಕೂಲ. ಕೊನೆಯ ಬುರುಜಿನ ಮೇಲೆ ನಿಂತರೆ ಅರ್ಧ ದ್ವೀಪ ಕಾಣುತ್ತದೆ, ಮೋಸ್ತಾ ಚರ್ಚಿನ ಗುಮ್ಮಟವೂ ಕಾಣುತ್ತದೆ.

ರಬಾತ್‌ನಲ್ಲಿ ಸೇಂಟ್ ಪಾಲ್ ಕ್ಯಾಟಕೂಂಬ್ಸ್ ಇದೆ. ರೋಮನ್ ಕಾಲದ ನೆಲದಡಿಯ ಸ್ಮಶಾನ. ಕ್ರೈಸ್ತರು, ಯಹೂದಿಗಳು, ಹಳೆಯ ದೇವರುಗಳನ್ನು ನಂಬಿದವರು ಎಲ್ಲರೂ ಅಕ್ಕಪಕ್ಕದಲ್ಲೇ ಹೂತಿದ್ದಾರೆ, ನಡುವೆ ಬೇಲಿ ಇಲ್ಲ. ಅಲ್ಲಿ ನನಗೆ ತುಂಬಾ ಹಿಡಿಸಿದ್ದು ಬಂಡೆಯಲ್ಲೇ ಕೊರೆದ ದುಂಡು ಮೇಜುಗಳು. ಸತ್ತವರ ನೆನಪಿಗೆ ಮನೆಯವರು ಬಂದು ಅದರ ಸುತ್ತ ಒರಗಿಕೊಂಡು ಊಟ ಮಾಡುತ್ತಿದ್ದರಂತೆ. ಮೆಟ್ಟಿಲು ಕಡಿದು, ಸಂದಿ ಕಿರಿದು. ಇಕ್ಕಟ್ಟಿನ ಜಾಗ ಅಂದರೆ ಭಯ ಇರುವವರು ಹೊರಗಿನ ಪ್ರದರ್ಶನ ನೋಡಿ ಸಾಕು.

ವಾಪಸ್ ಬರುವಾಗ ಮೋಸ್ತಾದಲ್ಲಿ ಇಳಿಯಿರಿ. 1942ರ ಏಪ್ರಿಲ್ 9ರಂದು ಜರ್ಮನ್ ಬಾಂಬ್ ಒಂದು ಆ ಗುಮ್ಮಟ ತೂರಿಕೊಂಡು ಒಳಗೆ ಬಿತ್ತು. ಪ್ರಾರ್ಥನೆಗೆ ಕೂತಿದ್ದವರು ಸುಮಾರು 300 ಜನ. ಬಾಂಬ್ ಸಿಡಿಯಲಿಲ್ಲ. ಒಳಗಿನ ಕೋಣೆಯಲ್ಲಿ ಅದೇ ತರಹದ ಬಾಂಬನ್ನು ಇಟ್ಟಿದ್ದಾರೆ. ಇದು ಇನ್ನೊಂದು ಕಾಲದ ಕಥೆ ಅಲ್ವಾ, ನಿಮ್ಮ ನಿಯಮ ಏನಾಯ್ತು ಅಂತ ಕೇಳಬೇಡಿ. ಬಸ್ಸಿನ ದಾರಿಯಲ್ಲೇ ಇದೆ, ಬಿಡಲು ಮನಸ್ಸಾಗಲ್ಲ.

ಪ್ರಶ್ನೆ: ಗೋಜೋಗೆ ಒಂದೇ ದಿನದಲ್ಲಿ ಹೋಗಿ ಬರಬಹುದಾ? ಸಮುದ್ರದಲ್ಲಿ ಕಲ್ಲಿನ ಕಿಟಕಿ ಇರುವ ಫೋಟೋ ನೋಡಿದೆ, ಅದು ಗೋಜೋದಲ್ಲಿ ಎಲ್ಲಿ?

ಉತ್ತರ: ಆ ಕಿಟಕಿ ಈಗ ಇಲ್ಲ. 2017ರ ಮಾರ್ಚ್ 8ರಂದು ಬಿರುಗಾಳಿಗೆ ಕುಸಿದು ಸಮುದ್ರ ಸೇರಿತು. ಅಂಗಡಿಗಳಲ್ಲಿ ಅದರ ಚಿತ್ರದ ಆಯಸ್ಕಾಂತ ಇನ್ನೂ ಮಾರುತ್ತಾರೆ, ಹಾಗಾಗಿ ಬಹಳ ಜನ ಇದೆ ಅಂದುಕೊಂಡೇ ಬರುತ್ತಾರೆ. ಕಿಟಕಿ ಇದ್ದ ದ್ವೇಯ್ರಾ ಕೊಲ್ಲಿ ಈಗಲೂ ನೋಡುವಂತಿದೆ. ಅಲ್ಲೇ ಎದುರಿಗೆ ನೀರಿನ ನಡುವೆ ಒಂದು ದೊಡ್ಡ ಬಂಡೆ. ಅದರ ನೆತ್ತಿಯ ಮೇಲೆ ಬೆಳೆಯುವ ಒಂದು ಗಿಡ ಗಾಯಕ್ಕೆ ರಾಮಬಾಣ ಅಂತ ನಂಬಿ ನೈಟ್‌ಗಳು ಕಾವಲು ಹಾಕಿದ್ದರು. ಕದ್ದು ಹತ್ತಿದವನಿಗೆ ಹಡಗಿನಲ್ಲಿ ಹುಟ್ಟು ಹಾಕುವ ಶಿಕ್ಷೆ.

ಒಂದು ದಿನದಲ್ಲಿ ಹೋಗಿ ಬರಬಹುದು, ಬೆಳಿಗ್ಗೆ ಬೇಗ ಹೊರಡಬೇಕು ಅಷ್ಟೇ. ಉತ್ತರದ ತುದಿ ಚಿರ್ಕೆವ್ವಾದಿಂದ ಫೆರಿ, ಸುಮಾರು 25 ನಿಮಿಷ. ಹೋಗುವಾಗ ಯಾರೂ ದುಡ್ಡು ಕೇಳುವುದಿಲ್ಲ. ವಾಪಸ್ ಬರುವಾಗ ಎರಡೂ ಕಡೆಯದ್ದು ಒಟ್ಟಿಗೆ ಕೊಡಬೇಕು, ನಡೆದು ಹತ್ತುವವರಿಗೆ 5 ಯೂರೋ ಒಳಗೇ. ವ್ಯಾಲೆಟ್ಟಾದಿಂದ ನೇರ ಹೋಗುವ ವೇಗದ ದೋಣಿಯೂ ಇದೆ, ಮುಕ್ಕಾಲು ಗಂಟೆ. ವ್ಯಾಲೆಟ್ಟಾದಲ್ಲಿ ಇಳಿದುಕೊಂಡವರಿಗೆ ಅದೇ ವಾಸಿ.

ಗೋಜೋದಲ್ಲಿ ಮೂರೇ ಜಾಗ ಆರಿಸಿ. ಬೆಳಿಗ್ಗೆ ಜಗಾಂತಿಯಾ. ಆಮೇಲೆ ನಡುವಿನ ಊರಿನ ಚಿತ್ತಾದೆಲ್ಲಾ ಕೋಟೆ. ಸಂಜೆ ದ್ವೇಯ್ರಾ. ಕೋಟೆಗೆ ಹೋದಾಗ 1551 ನೆನಪಿರಲಿ. ಆ ವರ್ಷ ಆಟೊಮನ್ ನೌಕಾಪತಿ ತುರ್ಗುತ್ ರಯೀಸ್‌ನ ಹಡಗುಗಳು ಬಂದು ದ್ವೀಪದ ಸುಮಾರು 5,000 ಜನರನ್ನು ಗುಲಾಮರನ್ನಾಗಿ ಹಿಡಿದುಕೊಂಡು ಹೋದವು. ಹೆಚ್ಚುಕಡಿಮೆ ಊರಿಗೆ ಊರೇ ಖಾಲಿ. ಆಮೇಲೆ ಬಹಳ ಕಾಲ, 1637ರವರೆಗೂ, ರಾತ್ರಿಯಾದರೆ ಜನ ಕೋಟೆಯೊಳಗೇ ಬಂದು ಮಲಗಬೇಕು ಅನ್ನುವ ಕಾನೂನಿತ್ತು. ಕೋಟೆಯ ಹಿಂಬದಿಯಲ್ಲಿ ಪಾಳುಬಿದ್ದ ಮನೆಗಳ ಸಾಲಿನಲ್ಲಿ ನಡೆಯುವಾಗ ಇದು ಗೊತ್ತಿರಬೇಕು, ಇಲ್ಲದಿದ್ದರೆ ಸುಮ್ನೆ ಕಲ್ಲಿನ ರಾಶಿ. ಅಲ್ಲೇ ಇರುವ ಚರ್ಚಿನಲ್ಲಿ ತಲೆ ಎತ್ತಿದರೆ ಎತ್ತರದ ಗುಮ್ಮಟ ಕಾಣುತ್ತದೆ. ಹೊರಗೆ ಬಂದು ನೋಡಿದರೆ ಗುಮ್ಮಟವೇ ಇಲ್ಲ. ಚಪ್ಪಟೆ ಸೂರಿನ ಮೇಲೆ ಬಣ್ಣದಲ್ಲಿ ಬರೆದದ್ದು.

'ಒಂದೇ ದಿನದಲ್ಲಿ ಗೋಜೋ, ಕೊಮಿನೋ, ಬ್ಲೂ ಲಗೂನ್' ಅನ್ನುವ ದೋಣಿಗಳಿಗೆ ಇತಿಹಾಸ ನೋಡುವವರು ಹತ್ತಬೇಡಿ. ಅದು ಈಜುವವರಿಗೆ.

ಪ್ರಶ್ನೆ: ಬಸ್ಸೋ, ಬಾಡಿಗೆ ಕಾರೋ?

ಉತ್ತರ: ಬಸ್ಸು. ಅಲ್ಲಿಯೂ ವಾಹನ ಎಡಗಡೆಯೇ ಓಡುವುದು, ಹಾಗಾಗಿ ಕಾರು ಓಡಿಸುವುದು ಕಷ್ಟ ಅಲ್ಲ. ನಿಲ್ಲಿಸುವುದು ಕಷ್ಟ. ವ್ಯಾಲೆಟ್ಟಾದೊಳಗೆ ಕಾರು ತಂದರೆ ಕ್ಯಾಮೆರಾ ನಂಬರ್ ಹಿಡಿದು ಶುಲ್ಕ ಹಾಕುತ್ತದೆ.

ಬಸ್ಸುಗಳ ಮುಖ್ಯ ನಿಲ್ದಾಣ ವ್ಯಾಲೆಟ್ಟಾದ ಹೆಬ್ಬಾಗಿಲಿನ ಹೊರಗೆ. ಇಮ್ದೀನಾ ಕಡೆಗೆ 51, 52, 53. ಚಿರ್ಕೆವ್ವಾ ಫೆರಿಗೆ 41, 42. ಹಜಾರ್ ಈಮ್‌ಗೆ 74. ಟಿಕೆಟ್ 2.50 ಯೂರೋ ಆಸುಪಾಸು, ಎರಡು ಗಂಟೆಯೊಳಗೆ ಬೇರೆ ಬಸ್ಸಿಗೂ ಅದೇ ನಡೆಯುತ್ತದೆ. ಸ್ಟಾಪಿನಲ್ಲಿ ಸುಮ್ಮನೆ ನಿಂತರೆ ಬಸ್ ಹಾಗೇ ಹೋಗಿಬಿಡುತ್ತದೆ, ಕೈ ತೋರಿಸಬೇಕು. ತುಂಬಿದ್ದರೆ ಕೈ ತೋರಿಸಿದರೂ ನಿಲ್ಲಲ್ಲ. ಗುಡಿಗಳ ಕಡೆಯ ಬಸ್ಸು ಕಡಿಮೆ, ವಾಪಸಿನ ಹೊತ್ತು ಇಳಿಯುವಾಗಲೇ ನೋಡಿಕೊಳ್ಳಿ. ವಯಸ್ಸಾದವರು ಜೊತೆಗಿದ್ದರೆ ಆ ಒಂದು ದಿನ ಟ್ಯಾಕ್ಸಿ ಮಾಡಿ. ಅದರಲ್ಲಿ ಜಿಪುಣತನ ಬೇಡ.

ಪ್ರಶ್ನೆ: ನಾವು ಸಸ್ಯಾಹಾರಿಗಳು. ದಿನವಿಡೀ ಹೊರಗೆ ಸುತ್ತುವಾಗ ಏನು ತಿನ್ನುವುದು?

ಉತ್ತರ: ಪಸ್ತಿತ್ಸಿ. ಪದರ ಪದರದ ಗರಿಗರಿ ಹಿಟ್ಟಿನೊಳಗೆ ರಿಕೊಟ್ಟಾ ಚೀಸ್ ಅಥವಾ ಬೇಯಿಸಿ ಮಸೆದ ಬಟಾಣಿ. ಬೀದಿ ಬೀದಿಯಲ್ಲೂ ಬಿಸಿಯಾಗಿ ಸಿಗುತ್ತದೆ, ಒಂದು ಯೂರೋ ಆಸುಪಾಸು. ಎರಡು ತಿಂದರೆ ಮಧ್ಯಾಹ್ನದವರೆಗೆ ಚಿಂತೆ ಇಲ್ಲ. ಹಿಟ್ಟಿಗೆ ಕೆಲವು ಕಡೆ ಹಂದಿ ಕೊಬ್ಬು ಬಳಸುತ್ತಾರೆ, ಕಟ್ಟುನಿಟ್ಟಿನವರು ಕೇಳಿಯೇ ತಿನ್ನಿ. ಟೊಮೆಟೊ, ಆಲಿವ್ ಎಣ್ಣೆ ಹಚ್ಚಿದ ಬ್ರೆಡ್ ಕೂಡ ರುಚಿ. ಅದರೊಳಗೆ ಟ್ಯೂನಾ ಮೀನು ಇರುವುದೇ ವಾಡಿಕೆ, ಬೇಡ ಅಂತ ಮೊದಲೇ ಹೇಳಿ. ಇಂಗ್ಲಿಷ್ ಎಲ್ಲರಿಗೂ ಬರುತ್ತದೆ. ಅವರೆ ಜಾತಿಯ ಕಾಳನ್ನು ಬೆಳ್ಳುಳ್ಳಿ ಹಾಕಿ ಅರೆದ ಬಿಗಿಲ್ಲಾ ಸಿಕ್ಕರೆ ಬಿಡಬೇಡಿ. ಗುಡಿಗಳ ಹತ್ತಿರ ಊಟದ ಆಯ್ಕೆ ಕಡಿಮೆ, ಕಟ್ಟಿಕೊಂಡೇ ಹೋಗಿ.

ಪ್ರಶ್ನೆ: ಮಕ್ಕಳ ರಜೆ ಆಗಸ್ಟಿನಲ್ಲೇ. ಹೋಗಬಹುದಾ?

ಉತ್ತರ: ಹೋಗಬೇಡಿ ಅಂತಲೇ ನನ್ನ ಸಲಹೆ. ಏಪ್ರಿಲ್, ಮೇ, ಅಕ್ಟೋಬರ್ ಚೆನ್ನ. ಬೇರೆ ದಾರಿಯೇ ಇಲ್ಲದಿದ್ದರೆ ದಿನವನ್ನು ತಿರುಗಿಸಿ: ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಬಯಲಿನ ಜಾಗ, ಹನ್ನೊಂದರ ಮೇಲೆ ಮ್ಯೂಸಿಯಂ ಅಥವಾ ಚರ್ಚು, ಮಧ್ಯಾಹ್ನ ಕೋಣೆಗೆ ಬಂದು ನಿದ್ದೆ. ಜೇನು ಬಣ್ಣದ ಕಲ್ಲು ಬಿಸಿಲನ್ನು ಮುಖಕ್ಕೆ ವಾಪಸ್ ಎಸೆಯುತ್ತದೆ. ಟೋಪಿ, ನೀರು, ಕಪ್ಪು ಕನ್ನಡಕ ಬೇಕೇ ಬೇಕು.

ಪ್ರಶ್ನೆ: ನಾವು ಸಿಸಿಲಿಗೆ ಹೋಗುತ್ತಿದ್ದೇವೆ. ಅಲ್ಲಿಂದ ಮಾಲ್ಟಾಗೆ ಬೆಳಿಗ್ಗೆ ಹೋಗಿ ಸಂಜೆ ಬರಬಹುದಾ? ಬೇರೆ ವೀಸಾ ಬೇಕಾ?

ಉತ್ತರ: ಬೇರೆ ವೀಸಾ ಬೇಡ. ಎರಡೂ ಷೆಂಗೆನ್ (ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳ ಗುಂಪು) ಒಳಗೇ ಇವೆ. ಪಾಸ್‌ಪೋರ್ಟ್ ಮಾತ್ರ ಕೈಯಲ್ಲಿರಲಿ. ಸಿಸಿಲಿಯ ಪೊತ್ಸಾಲ್ಲೋ ಬಂದರಿನಿಂದ ದೊಡ್ಡ ವೇಗದ ದೋಣಿ ಇದೆ, ಸುಮಾರು ಒಂದೂಮುಕ್ಕಾಲು ಗಂಟೆ. ವೇಳಾಪಟ್ಟಿ ದಿನದಿಂದ ದಿನಕ್ಕೆ ಬದಲಾಗುತ್ತದೆ. ಕೆಲವು ದಿನ ಬೆಳಿಗ್ಗೆ ಹೋಗಿ ರಾತ್ರಿ ಬರುವ ಹಾಗಿರುತ್ತದೆ, ಕೆಲವು ದಿನ ಇರುವುದಿಲ್ಲ. ಮೊದಲು ದೋಣಿಯ ದಿನ ನೋಡಿ, ಆಮೇಲೆ ಸಿಸಿಲಿಯ ಹೋಟೆಲ್ ಬುಕ್ ಮಾಡಿ. ಅಷ್ಟು ಹೊತ್ತಿನಲ್ಲಿ ವ್ಯಾಲೆಟ್ಟಾ ಒಂದನ್ನೇ ನೋಡಿ. ಮ್ಯೂಸಿಯಂ, ಸೇಂಟ್ ಜಾನ್ ಚರ್ಚು, ಬರಾಕ್ಕಾ ಉದ್ಯಾನ, ಮುಗೀತು. ಗಾಳಿ ಜೋರಾದರೆ ದೋಣಿ ರದ್ದಾಗುವುದೂ ಉಂಟು, ಹಾಗಾಗಿ ವಿಮಾನದ ಹಿಂದಿನ ದಿನಕ್ಕೆ ಈ ಪ್ರಯಾಣ ಇಟ್ಟುಕೊಳ್ಳಬೇಡಿ. ಹೊಟ್ಟೆ ತೊಳಸುವವರು ಮಾತ್ರೆಯನ್ನು ದೋಣಿ ಹತ್ತುವ ಮೊದಲೇ ನುಂಗಿ.